ಇಳಿಜಾರಿನಲ್ಲಿ ಕಣ್ಣು ತೆರೆದಿದ್ದವಳು

"ಇದು ಮೊನ್ನೆಯ ರಕ್ತ ಅಲ್ಲಮ್ಮ," ಎಂದರು ಮೆದುಳಿನ ಡಾಕ್ಟರು, ತೊಳೆದ ಕೈಯನ್ನು ಒರೆಸಿಕೊಳ್ಳುತ್ತ.

"ರಕ್ತದಲ್ಲೂ ಮೊನ್ನೆಯದು, ಹಳೇದು ಅಂತ ಇರುತ್ತಾ ಡಾಕ್ಟ್ರೇ?"

"ಬ್ರೆಡ್ಡಿನಲ್ಲಿ ಇರಲ್ವಾ? ಹಾಗೇ."

ರೋಗಿ ಬೇಕರಿಯವನು, ಅದಕ್ಕೇ ಈ ಮಾತು. ನನಗೆ ನಗು ಬರಲಿಲ್ಲ. ತನ್ನ ಒಲೆಮನೆಯಲ್ಲೇ, ಹೆಂಡತಿಯ ತಮ್ಮ ಕೊರಳಪಟ್ಟಿ ಹಿಡಿದು ತಳ್ಳಿದ ಗಳಿಗೆಯಲ್ಲಿ ಕುಸಿದುಬಿದ್ದ ಮನುಷ್ಯ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ತಳ್ಳಿದ ಬಾಮೈದ ಲಾಕಪ್ಪಿನಲ್ಲಿದ್ದ. ಇತ್ತ ಗಂಡ, ಅತ್ತ ತಮ್ಮ, ನಡುವೆ ಸಿಕ್ಕಿಬಿದ್ದ ಬೇಕರಿಯಾಕೆ, ಪತ್ತೇದಾರಿ ಕೆಲಸ ಮಾಡುವ ನನ್ನನ್ನು ಹುಡುಕಿಕೊಂಡು ಬಂದು ಕೇಳಿದ್ದು ಒಂದೇ ಮಾತು: ನನ್ನ ತಮ್ಮ ಕೊಲೆಗಾರ ಅಲ್ಲ, ಅದನ್ನ ತೋರಿಸಿಕೊಡಿ.

ಡಾಕ್ಟರು ಗೋಡೆಯ ಪರದೆಯ ಮೇಲೆ ತಲೆಯ ಚಿತ್ರವೊಂದನ್ನು ತಂದರು. ಬೂದು ಬಣ್ಣದ ಮೆದುಳು, ಬಿಳಿ ಬಣ್ಣದ ಬುರುಡೆ. ಕಿವಿಯ ಮುಂದಿನ ಜಾಗದಲ್ಲಿ ಗೇರುಬೀಜದ ಆಕಾರದ ಒಂದು ಕಪ್ಪು ಗುರುತು.

"ಗೆಡ್ಡೆನಾ?"

"ಅಲ್ಲ. ನೀರಿನ ಚೀಲ. ಹುಟ್ಟುವಾಗಲೇ ಬಂದಿರುತ್ತೆ. ತೆಳ್ಳಗಿನ ಪೊರೆ, ಒಳಗೆ ತಿಳಿನೀರು. ಎಷ್ಟೋ ಜನರ ತಲೇಲಿ ಇರುತ್ತೆ, ಸಾಯೋವರೆಗೂ ಗೊತ್ತೇ ಆಗಲ್ಲ. ಅದರ ಪಾಡಿಗೆ ಅದು, ಇವರ ಪಾಡಿಗೆ ಇವರು."

"ಅಷ್ಟು ಸಾಧು ಆಗಿದ್ರೆ ಈ ರಕ್ತ ಎಲ್ಲಿಂದ ಬಂತು?"

"ಚೀಲದ ಅಂಚಿನಲ್ಲಿ ಸಣ್ಣ ಸಣ್ಣ ರಕ್ತನಾಳ ಇರ್ತಾವೆ. ಅವಕ್ಕೆ ಆಸರೆ ಕಡಿಮೆ. ತಲೆ ಜೋರಾಗಿ ಎಳೆದಾಡಿದ್ರೆ ಹರಿಯಬಹುದು. ಹೊಡೆತಾನೇ ಬೀಳಬೇಕು ಅಂತೇನಿಲ್ಲ. ಆಮೇಲೆ ಜಿನುಗುತ್ತೆ. ಜಿನುಗಿ ಜಿನುಗಿ ಮೆದುಳನ್ನ ಒತ್ತುತ್ತೆ. ಮೊದಲು ತಲೆನೋವು, ಆಮೇಲೆ ವಾಂತಿ, ಮಂಪರು. ಮಾತು ತೊದಲುತ್ತೆ, ನಡಿಗೆ ವಾಲುತ್ತೆ. ನೋಡೋರಿಗೆ ಕುಡಿದ ಹಾಗೆ ಕಾಣುತ್ತೆ."

ಬಾಮೈದ ಕೊರಳಪಟ್ಟಿ ಹಿಡಿದದ್ದು ಅದಕ್ಕೇ. ಭಾವ ಹಾಡುಹಗಲೇ ಕುಡಿದು ಬಂದು ಸಕ್ಕರೆಯ ಜಾಗದಲ್ಲಿ ಉಪ್ಪು ಸುರಿಯುತ್ತಿದ್ದಾನೆ ಎಂದು ಅವನ ಸಿಟ್ಟು.

"ನಾನು ಬುರುಡೆಗೆ ತೂತು ಕೊರೆದಾಗ ಕೆಂಪು ರಕ್ತ ಬರಲಿಲ್ಲ," ಎಂದರು ಡಾಕ್ಟರು. "ಹಳೇ ಇಂಜಿನ್ ಆಯಿಲ್ ಬಣ್ಣದ್ದು ಬಂತು. ಎರಡು ಮೂರು ವಾರದ್ದು. ಮೊನ್ನೆ ಯಾರೂ ತಳ್ಳದೆ ಇದ್ದಿದ್ರೂ ಅವರು ಬೀಳ್ತಿದ್ರು."

"ಇದನ್ನ ಪೊಲೀಸರಿಗೆ ಹೇಳಿದ್ರಾ?"

"ಹೇಳಿದೆ. ಆ ಕೆಮ್ಮೋ ಇನ್‌ಸ್ಪೆಕ್ಟರು, ಹಾಗಾದ್ರೆ ಎರಡು ಮೂರು ವಾರದ ಹಿಂದೇನೇ ಹೊಡೆದಿರಬೇಕು ಅಂದ್ರು."

ಹಟ ಎಂದರೆ ಇದು. ಆ ಇನ್‌ಸ್ಪೆಕ್ಟರು ಒಮ್ಮೆ ಒಬ್ಬನನ್ನು ಒಳಗೆ ಹಾಕಿದರೆಂದರೆ ಬಿಡಿಸಲು ಗಟ್ಟಿ ಸಾಕ್ಷ್ಯವನ್ನೇ ಅವರ ಮೇಜಿನ ಮೇಲೆ ಇಡಬೇಕು. ಬರೀ ಅನುಮಾನದ ಮಾತಿಗೆ ಅವರು ಜಗ್ಗುವವರಲ್ಲ.

"ಹೊಡೆತ ಬೀಳದೇ ತಲೆ ಎಳೆದಾಡೋದು ಅಂದ್ರೆ ಹೇಗೆ? ನನಗೆ ಅರ್ಥ ಆಗೋ ಹಾಗೆ ಹೇಳಿ."

"ಬೈಕು ಹಳ್ಳಕ್ಕೆ ಇಳಿದ್ರೆ. ಚೆಂಡಾಟ ಆಡಿದ್ರೆ. ಮೋಜಿನ ಪಾರ್ಕಿನಲ್ಲಿ ಆ ರೋಲರ್ ಕೋಸ್ಟರ್ ಇದೆಯಲ್ಲ, ಅದು. ಇಂಥ ಚೀಲ ಇರೋರು ಅದರಲ್ಲಿ ಕೂತು ಬಂದು, ಆಮೇಲೆ ತಲೆನೋವು ಅಂತ ನನ್ನ ಹತ್ರ ಬಂದಿದ್ದೂ ಉಂಟು. ಅಪರೂಪ. ಸಾವಿರಾರು ಜನ ಹತ್ತಿ ಇಳೀತಾರೆ, ಏನೂ ಆಗಲ್ಲ. ಯಾರೋ ಒಬ್ಬರಿಗೆ ಆಗುತ್ತೆ."

ನನ್ನ ಕೈ ತಾನಾಗಿಯೇ ಬ್ಯಾಗಿನೊಳಗೆ ಹೋಯಿತು. ರೋಗಿಯ ಮೈಮೇಲಿದ್ದ ಸಾಮಾನನ್ನು ಅವನ ಹೆಂಡತಿಗೆ ತಲುಪಿಸಿ ಎಂದು ನರ್ಸು ಬೆಳಿಗ್ಗೆಯಷ್ಟೇ ನನಗೆ ಕೊಟ್ಟಿದ್ದಳು. ಅದರಲ್ಲಿ ಬೇಕರಿಯ ಕೀಗೊಂಚಲಿತ್ತು. ಗೊಂಚಲಿಗೆ ಒಂದು ಪ್ಲಾಸ್ಟಿಕ್ ಚೌಕಟ್ಟು, ಫೋಟೋ ಸಿಕ್ಕಿಸುವಂಥದ್ದು. ಒಳಗೆ ಫೋಟೋ ಇರಲಿಲ್ಲ. ಹಿಂದೆ ತಿರುಗಿಸಿದೆ. ಗುಡ್ಡದಿಂದ ಧುಮುಕುವ ಪುಟ್ಟ ರೈಲಿನ ಚಿತ್ರ ಅಚ್ಚಾಗಿತ್ತು.

ಬೆಳಿಗ್ಗೆ ಇದನ್ನು ನೋಡಿ, ಮಕ್ಕಳ ಆಟಿಕೆ ಎಂದುಕೊಂಡಿದ್ದೆ. ಆ ದಂಪತಿಗೆ ಮಕ್ಕಳಿಲ್ಲ.

ಡಾಕ್ಟರು ಇನ್ನೂ ಏನೋ ಹೇಳುತ್ತಿದ್ದರು. ನಾನು ಅಷ್ಟು ಹೊತ್ತಿಗೆ ಬಾಗಿಲು ದಾಟಿದ್ದೆ.

*

ಮೋಜಿನ ಪಾರ್ಕಿನಲ್ಲಿ ಮೋಜು ಮಾಡದೆ ತಿರುಗುವ ಐವತ್ತು ದಾಟಿದ ಹೆಂಗಸನ್ನು ಎಲ್ಲರೂ ಒಂದು ಥರ ನೋಡುತ್ತಾರೆ. ನೋಡಲಿ. ಮೊಣಕಾಲು ಹಿಡಿದುಕೊಂಡು ಆ ಮೆಟ್ಟಿಲುಗಳನ್ನು ಹತ್ತುವಾಗ ನನಗೆ ಯಾರ ನೋಟದ ಚಿಂತೆಯೂ ಇರಲಿಲ್ಲ.

ರೋಲರ್ ಕೋಸ್ಟರಿನ ಸಾಲು ಶುರುವಾಗುವಲ್ಲಿ ಎಚ್ಚರಿಕೆಯ ಬೋರ್ಡು. ಹೃದಯದ ಕಾಯಿಲೆಯವರು, ಗರ್ಭಿಣಿಯರು, ಬೆನ್ನುನೋವಿನವರು ಹತ್ತಬಾರದು. ಕೆಳಗೆ ಕೊನೆಯ ಸಾಲಿನಲ್ಲಿ, ಬಿಸಿಲಿಗೆ ಅರ್ಧ ಮಾಸಿಹೋಗಿ, ತಲೆಯ ತೊಂದರೆ ಇರುವವರೂ ಹತ್ತಬಾರದು ಅಂತ ಇತ್ತು. ತೊಂದರೆ ಇದೆ ಎಂದು ಗೊತ್ತಿದ್ದವರಿಗೆ ತಾನೆ ಈ ಬೋರ್ಡು? ಗೊತ್ತಿಲ್ಲದವರು ಓದಿ ಏನು ಮಾಡಬೇಕು?

ಮೇಲೆ ಗಾಡಿ ಕಿರ್ರೆಂದು ಏರಿತು, ಒಂದು ಗಳಿಗೆ ತುದಿಯಲ್ಲಿ ನಿಂತಿತು, ಬಿತ್ತು. ಕಿರುಚಾಟ ನನ್ನ ನೆತ್ತಿಯ ಮೇಲೆ ಹಾದುಹೋಯಿತು. ತಿರುವಿನಲ್ಲಿ ಎಲ್ಲರ ತಲೆಗಳೂ ಒಟ್ಟಿಗೆ ಒಂದು ಪಕ್ಕಕ್ಕೆ ವಾಲಿ, ಮರುಕ್ಷಣ ಇನ್ನೊಂದು ಪಕ್ಕಕ್ಕೆ ಜಗ್ಗಿದವು. ಡಾಕ್ಟರು ಹೇಳಿದ ಎಳೆದಾಟ ಇದೇ. ಆ ರಭಸದಲ್ಲಿ ಪ್ರತಿ ತಲೆಯೊಳಗೂ ಒಂದು ಮೆದುಳು ಅಲುಗಾಡುತ್ತಿದೆ ಎಂದು ಯೋಚಿಸಿ ನನಗೇ ತಲೆ ಸುತ್ತಿದಂತಾಯಿತು.

ಇಳಿದು ಹೊರಬರುವ ದಾರಿಯಲ್ಲಿ ಫೋಟೋ ಕೌಂಟರ್. ಮೊದಲ ಇಳಿಜಾರಿನ ಬುಡದಲ್ಲಿ ಒಂದು ಕ್ಯಾಮೆರಾ ಇರುತ್ತದೆ, ಪ್ರತಿ ಗಾಡಿಯದೂ ಒಂದು ಫೋಟೋ. ಇಳಿದವರು ಪರದೆಯಲ್ಲಿ ತಮ್ಮ ಮುಖ ನೋಡಿ ನಗುತ್ತಾರೆ, ಬೇಕಾದವರು ಚೌಕಟ್ಟಿಗೆ ಹಾಕಿಸಿಕೊಂಡು ಒಯ್ಯುತ್ತಾರೆ.

ಕೌಂಟರಿನಾಕೆ ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡು ಜಡೆ ಸರಿಮಾಡಿಕೊಳ್ಳುತ್ತಿದ್ದಳು. ನಾನು ಖಾಲಿ ಚೌಕಟ್ಟನ್ನು ಮುಂದಿಟ್ಟೆ.

"ನಮ್ಮದೇ. ಫೋಟೋ ಬಿದ್ದು ಹೋಯ್ತಾ?"

"ಬಿದ್ದಿಲ್ಲ. ಯಾರೋ ತೆಗೆದಿದ್ದಾರೆ. ಇನ್ನೊಂದು ಪ್ರತಿ ಸಿಗುತ್ತಾ?"

"ಯಾವತ್ತಿನದು ಅಂತ ಹೇಳಿದ್ರೆ ಹುಡುಕ್ತೀನಿ. ತುಂಬಾ ಹಳೇದಾದ್ರೆ ಅಳಿಸಿಬಿಡ್ತಾರೆ."

ಯಾವತ್ತಿನದು? ಬೇಕರಿಯ ಕೌಂಟರಿನ ಹುಡುಗಿ ನನಗೆ ಹೇಳಿದ್ದು ನೆನಪಿತ್ತು. ಯಜಮಾನರು ತಲೆ ಹಿಡಿದುಕೊಂಡು ಕೂರಲು ಶುರು ಮಾಡಿದ್ದು ಸಾವಿನ ಮನೆಗೆ ಹೋಗಿ ಬಂದ ಮಾರನೆಯ ದಿನದಿಂದ. ಗಂಡನ ಸೋದರತ್ತೆ ತೀರಿಕೊಂಡರೆಂದು ಗಂಡ ಹೆಂಡತಿ ಇಬ್ಬರೂ ಅವತ್ತು ಊರಾಚೆ ಹೋಗಿದ್ದರು, ಅಂಗಡಿ ಮುಚ್ಚಿ, ಬಾಮೈದನೊಬ್ಬನನ್ನೇ ಒಲೆಯ ಮುಂದೆ ಬಿಟ್ಟು. ಬೇಕರಿಯಾಕೆಯೂ ಅದನ್ನೇ ಹೇಳಿದ್ದಳು.

ಆ ಮಂಗಳವಾರದ ತಾರೀಖು ಹೇಳಿದೆ. ಪರದೆಯಲ್ಲಿ ಮುಖಗಳು ಒಂದರ ಹಿಂದೊಂದು ಓಡಿದವು. ಬಾಯಿ ತೆರೆದವರು, ಹಲ್ಲು ಕಿರಿದವರು, ಕೈ ಮೇಲೆತ್ತಿದವರು, ಮುಖ ಮುಚ್ಚಿಕೊಂಡವರು.

"ಇಲ್ಲೇ ನಿಲ್ಲಿಸಿ."

ಮುಂದಿನ ಸಾಲಿನಲ್ಲಿ ಬೇಕರಿಯವನು. ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿದ್ದ. ತಲೆ ಹೆಗಲ ಕಡೆಗೆ ಎಷ್ಟು ವಾಲಿತ್ತೆಂದರೆ ಕಿವಿ ಭುಜದ ಪಟ್ಟಿಗೆ ತಾಗಿತ್ತು.

ಅವನ ಪಕ್ಕದಲ್ಲಿ ಅವನ ಹೆಂಡತಿ.

"ಓ, ಇವರಾ," ಎಂದಳು ಕೌಂಟರಿನಾಕೆ. "ಇವರು ಚೆನ್ನಾಗಿ ನೆನಪಿದ್ದಾರೆ. ಆ ಇಳಿಜಾರಿನಲ್ಲಿ ಎಲ್ಲರೂ ಕಣ್ಣು ಮುಚ್ಕೊಳ್ತಾರೆ, ಇಲ್ಲ ಮುಂದೆ ನೋಡ್ತಾರೆ. ಗಂಡನ ಮುಖಾನೇ ನೋಡ್ತಾ ಇಳಿದ ಹೆಂಗಸನ್ನ ನಾನು ನೋಡಿದ್ದು ಇವಳೊಬ್ಬಳನ್ನೇ. ಎಷ್ಟು ಪ್ರೀತಿ ನೋಡಿ ಅಂತ ನಾವು ಮಾತಾಡಿಕೊಂಡ್ವಿ."

ನಾನು ಹತ್ತಿರದಿಂದ ನೋಡಿದೆ. ಅವಳ ಕಣ್ಣು ಅಗಲವಾಗಿ ತೆರೆದಿತ್ತು. ಅದು ಪ್ರೀತಿಯ ನೋಟ ಎಂದು ನನಗೇನೂ ಅನ್ನಿಸಲಿಲ್ಲ. ಒಲೆಯಲ್ಲಿಟ್ಟ ಬ್ರೆಡ್ಡು ಉಬ್ಬುತ್ತದೋ ಇಲ್ಲವೋ ಎಂದು ಕಾಯುವವರು ಹಾಗೆ ನೋಡುತ್ತಾರೆ.

ನನ್ನನ್ನು ನೇಮಿಸಿಕೊಂಡವಳೇ ನನಗೆ ಸುಳ್ಳು ಹೇಳಿದ್ದಳು. ಸಿಟ್ಟು ನೆತ್ತಿಗೇರಿತು. ಪ್ರತಿ ಕೊಂಡೆ, ತಾರೀಖು ಕೆಳಗೆ ಅಚ್ಚಾಗುವಂತೆ ನೋಡಿಕೊಂಡೆ, ಸೀದಾ ಬೇಕರಿಗೆ ಹೊರಟೆ.

*

ಅವಳು ಹಿಟ್ಟು ನಾದುತ್ತಿದ್ದಳು. ಗಂಡ ಆಸ್ಪತ್ರೆಯಲ್ಲಿ, ತಮ್ಮ ಲಾಕಪ್ಪಿನಲ್ಲಿ, ಇವಳ ಮುಂದೆ ಮೇಜಿನ ತುಂಬ ಹಿಟ್ಟು. ಮೊಣಕೈವರೆಗೆ ಬಿಳಿಯಾಗಿದ್ದ ಕೈಗಳು ನಿಲ್ಲದೆ ಕೆಲಸ ಮಾಡುತ್ತಿದ್ದವು.

"ಒಲೆ ಆರಿಸಿಬಿಟ್ರೆ, ಅವರು ಎದ್ದ ತಕ್ಷಣ ಮೊದಲು ನನ್ನನ್ನೇ ಕೇಳ್ತಾರೆ," ಎಂದಳು ತಲೆಯೆತ್ತದೆ. "ಏನಾದ್ರೂ ಸಿಕ್ತಾ ಅಮ್ಮ?"

"ಸಿಕ್ತು. ನಿನ್ನ ಗಂಡನ ಸೋದರತ್ತೆ ಯಾವಾಗ ತೀರಿಕೊಂಡ್ರು?"

ಕೈ ನಿಂತಿತು.

"ಹೇಳಿದ್ನಲ್ಲ, ಆ ಮಂಗಳವಾರ..."

"ಅವರು ಗಟ್ಟಿಮುಟ್ಟಾಗಿದ್ದಾರೆ. ದಾರೀಲಿ ಬರ್ತಾ ಫೋನ್ ಮಾಡಿದ್ದೆ. ನಿಮ್ಮ ಸಾವಿನ ಸುದ್ದಿ ವಿಚಾರಿಸೋಣ ಅಂತ ಮಾಡಿದೆ ಅಂತ ಅವರಿಗೇ ಹೇಳೋ ಹಾಗಿತ್ತು ನನ್ನ ಗತಿ."

ಬೇರೆ ಹೊತ್ತಿನಲ್ಲಾಗಿದ್ದರೆ ಇಬ್ಬರೂ ನಗುತ್ತಿದ್ದೆವು. ನಾನು ಫೋಟೋವನ್ನು ಹಿಟ್ಟಿನ ಪಕ್ಕದಲ್ಲಿಟ್ಟೆ. ಅವಳು ಅದನ್ನು ಒಮ್ಮೆ ನೋಡಿದಳು. ಮುಖದ ಬಣ್ಣ ಇಳಿಯಿತು.

"ಕೀಗೊಂಚಲಿನಿಂದ ಇದನ್ನ ತೆಗೆದವಳು ನೀನೇ ತಾನೆ?"

"ಹೌದು."

"ಯಾಕೆ?"

"ತಮ್ಮ ನೋಡಿಬಿಟ್ರೆ ಅಂತ. ಅವತ್ತು ಮದುವೆ ಮನೆಯೊಂದರ ಆರ್ಡರ್ ಇತ್ತು. ಕೈ ತುಂಬ ಕೆಲಸ. ಅವನೊಬ್ಬನನ್ನೇ ಬಿಟ್ಟು ನಾವು ಆಟ ಆಡೋಕೆ ಹೋದ್ವಿ ಅಂತ ಗೊತ್ತಾದ್ರೆ ಏನಂದ್ಕೊಳ್ತಾನೆ? ಮದುವೆಯಾದಾಗಿನಿಂದ ಒಂದು ದಿನ ನಾವಿಬ್ರೇ ಎಲ್ಲೂ ಹೋಗಿರ್ಲಿಲ್ಲಮ್ಮ. ಒಂದೇ ಒಂದು ದಿನ. ಅದಕ್ಕೆ ಸಾವಿನ ನೆಪ ಹೇಳಿದ್ವಿ."

"ನನಗೂ ಅದೇ ನೆಪ ಹೇಳಿದೆಯಲ್ಲ."

"ಹೇಳಿದ್ದು ಹೇಳಿಬಿಟ್ಟಿದ್ದೆ. ಮತ್ತೆ ತಿರುಗಿಸೋಕೆ ನಾಚಿಕೆಯಾಯ್ತು. ಇದಕ್ಕೂ ಅವರು ಬಿದ್ದಿದ್ದಕ್ಕೂ ಏನು ಸಂಬಂಧ ಅಂತ ನನಗೇನು ಗೊತ್ತು?"

"ಗೊತ್ತಿಲ್ವಾ?" ನನ್ನ ದನಿ ಏರಿತು. "ಆ ಗಾಡೀಲಿ ಇದ್ದವರೆಲ್ಲ ಅವರವರ ಜೀವ ಹಿಡಿದುಕೊಂಡಿದ್ರು. ನೀನು ಅವನ ತಲೇನೇ ನೋಡ್ತಿದ್ದೆ. ಏನಾಗುತ್ತೆ ಅಂತ ಕಾಯ್ತಿದ್ದೆ? ನಿನ್ನ ಗಂಡನ ತಲೆಯೊಳಗೆ ಏನಿದೆ ಅಂತ ನಿನಗೆ ಯಾರು ಹೇಳಿದ್ರು?"

"ತಲೆಯೊಳಗೆ?" ಅವಳು ನನ್ನನ್ನು ಬೆರಗಿನಿಂದ ನೋಡಿದಳು. "ತಲೆಯೊಳಗೆ ಏನಿದೆ?"

ಇಷ್ಟು ವರ್ಷದಲ್ಲಿ ಬೆರಗು ನಟಿಸಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಟಿಸುವವರು ಬಾಯಿ ತೆರೆಯುತ್ತಾರೆ, ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಇವಳ ಕೈಯಲ್ಲಿದ್ದ ಹಿಟ್ಟಿನ ಉಂಡೆ ಜಾರಿ ನೆಲಕ್ಕೆ ಬಿತ್ತು, ಅದು ಬಿದ್ದದ್ದು ಅವಳಿಗೆ ಗೊತ್ತಾಗಲೇ ಇಲ್ಲ.

ನೀರಿನ ಚೀಲದ ಕಥೆಯನ್ನೆಲ್ಲ ಹೇಳಿದೆ. ಡಾಕ್ಟರು ನನಗೆ ಹೇಳಿದಷ್ಟನ್ನೂ ಹೇಳಿದೆ, ಹಳೇ ಆಯಿಲ್ ಬಣ್ಣದ ರಕ್ತವನ್ನೂ ಬಿಡಲಿಲ್ಲ. ಅವಳು ಮೇಜಿನ ಅಂಚನ್ನು ಹಿಡಿದುಕೊಂಡು ಕೇಳಿದಳು.

"ಹೆದರ್ತಾರೋ ಇಲ್ವೋ ಅಂತ ನೋಡ್ತಿದ್ದೆ," ಎಂದಳು ಕೊನೆಗೆ. ದನಿ ತೀರಾ ಸಣ್ಣಗಿತ್ತು. "ಅಷ್ಟೇ ಅಮ್ಮ. ಅವರು ಏಣಿ ಹತ್ತಲ್ಲ. ಚೆಂಡು ಮುಟ್ಟಲ್ಲ. ಸ್ಕೂಟರನ್ನ ನಡೆದುಕೊಂಡು ಹೋದ ಹಾಗೆ ಓಡಿಸ್ತಾರೆ. ನನ್ನ ತಮ್ಮ ಅವರನ್ನ ಬನ್ನು ಭಾವ ಅಂತ ಕರೀತಾನೆ, ಅಷ್ಟು ಮೆತ್ತಗೆ ಅಂತ. ನಾನೂ ನಗ್ತಿದ್ದೆ. ಅವತ್ತು ಆ ಬೋರ್ಡಿನ ಮುಂದೆ ನಿಂತವರು ಮುಂದಕ್ಕೆ ಬರ್ಲೇ ಇಲ್ಲ. ಹಿಂದೆ ಸಾಲಿನಲ್ಲಿ ಹುಡುಗರು ಗೊಣಗ್ತಾ ಇದ್ರು. ನಾನು, ಎಲ್ಲರ ಮುಂದೆ ಮಾನ ತೆಗೀಬೇಡಿ, ಬನ್ನಿ ಅಂತ ಕೈ ಹಿಡಿದು ಎಳೆದೆ."

"ಬಂದ್ರಾ?"

"ಬಂದ್ರು. ಒಂದು ಮಾತೂ ಆಡ್ಲಿಲ್ಲ."

ಆಗ ನನ್ನ ಕಣ್ಣಿಗೆ ಅದು ಬಿತ್ತು. ಮಧ್ಯಾಹ್ನದ ಬಿಸಿಲು ಇಳಿದು, ಒಲೆಯ ಮೇಲಿನ ಗವಾಕ್ಷಿಯಿಂದ ಬೆಳಕು ನೇರ ಹಿಟ್ಟಿನ ಮೇಲೆ ಬೀಳುತ್ತಿತ್ತು. ಮೂರು ಗಾಜಿನಲ್ಲಿ ಬಿಳಿ ಬೆಳಕು. ನಾಲ್ಕನೆಯ ಗಾಜಿಲ್ಲ, ಅದರ ಜಾಗದಲ್ಲಿ ಕಪ್ಪಗಿನ ಒಂದು ಹಾಳೆ ಅಂಟಿಸಿತ್ತು. ಅದರ ಮೂಲಕ ಬಂದ ಬೆಳಕು ಬೂದು ಬಣ್ಣಕ್ಕಿತ್ತು.

"ಅದೇನದು?"

"ಯಾವುದು? ಓ, ಅದಾ. ನಮ್ಮ ಮದುವೆಯಾದ ಹೊಸದರಲ್ಲಿ ಗಾಜು ಒಡೀತು. ಅವರೇ ಅಂಟಿಸಿದ್ರು. ಯಾರದೋ ಹಳೇ ಎಕ್ಸ್‌ರೇ, ಬಿಸಾಕಿದ್ರು ಅಂದ್ರು."

ಸ್ಟೂಲೊಂದನ್ನು ಎಳೆದು, ಮೊಣಕಾಲಿಗೆ ಬಯ್ದುಕೊಂಡು ಮೇಲೆ ಹತ್ತಿದೆ. ಹೊಗೆ, ಹಿಟ್ಟು, ಎಣ್ಣೆ ಸೇರಿ ಹಾಳೆಯ ಮೇಲೆ ಒಂದು ಪದರ ಕಟ್ಟಿತ್ತು. ಸೆರಗಿನಿಂದ ಒರೆಸಿದೆ. ಎಕ್ಸ್‌ರೇ ಅಲ್ಲ. ತಲೆಯ ಸ್ಕ್ಯಾನು. ಸಾಲುಸಾಲಾಗಿ ಪುಟ್ಟ ಪುಟ್ಟ ಮೆದುಳುಗಳು, ಒಂದೊಂದರಲ್ಲೂ ಕಿವಿಯ ಮುಂದೆ ಗೇರುಬೀಜದ ಕಪ್ಪು ಗುರುತು. ಡಾಕ್ಟರ ಪರದೆಯ ಮೇಲೆ ನೋಡಿದ್ದು ಇದನ್ನೇ. ಹೆಸರಿರಬೇಕಾದ ಮೂಲೆಯನ್ನು ಬ್ರೆಡ್ ಕೊಯ್ಯುವ ಚಾಕುವಿನಲ್ಲಿ ಕತ್ತರಿಸಿದಂತಿತ್ತು, ಅಂಚು ಗರಗಸದ ಹಲ್ಲಿನ ಹಾಗೆ.

ಎಂಥ ಮನುಷ್ಯ. ಯಾರಿಗೂ ಹೇಳದ ಗುಟ್ಟನ್ನು ತಂದು ದಿನಾ ಎಲ್ಲರೂ ನಿಲ್ಲುವ ಜಾಗದಲ್ಲಿ ಕಿಟಕಿಗೆ ಅಂಟಿಸಿದ್ದ. ಹರಿದುಹಾಕಲು ಮನಸ್ಸು ಬರಲಿಲ್ಲವೋ, ಒಂದು ದಿನ ಯಾರಾದರೂ ಕೇಳಲಿ ಎಂದಿತ್ತೋ, ದೇವರಿಗೇ ಗೊತ್ತು.

ಕೆಳಗಿಳಿದು ಅವಳಿಗೆ ಹೇಳಿದೆ. ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ, ಆದರೂ ಪ್ರಯತ್ನಪಟ್ಟೆ.

ಅವಳು ಆ ಬೂದು ಬೆಳಕಿನ ಕಡೆ ತಲೆಯೆತ್ತಿದಳು.

"ಗೊತ್ತಿತ್ತಾ ಅವರಿಗೆ?"

"ಗೊತ್ತಿತ್ತು."

"ಗೊತ್ತಿದ್ದೂ ಹತ್ತಿದ್ರಾ?"

ನಾನು ಸ್ಟೂಲನ್ನು ಗೋಡೆಗೆ ಸರಿಸಿದೆ.

"ಮದುವೆ ತಪ್ಪಿಹೋಗುತ್ತೆ ಅಂತ ಮೊದಲು ಹೇಳ್ಲಿಲ್ವೇನೋ," ಎಂದಳು. "ಆಮೇಲೆ ಹೇಳೋಕೆ ಹೊತ್ತು ಮೀರಿತ್ತೇನೋ. ನಾನು ಇದೇ ಜಾಗದಲ್ಲಿ ನಿಂತು, ಇದರ ಕೆಳಗೇನೇ ನಿಂತು, ಅವರನ್ನ ಪುಕ್ಕಲ ಅಂತಿದ್ದೆ. ನನ್ನ ನಾಲಿಗೆಗಿಷ್ಟು..." ಅತ್ತಳು. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅವಳ ಮೇಲೆ ಹರಿಹಾಯ್ದದ್ದಕ್ಕೆ ನನ್ನ ಮೇಲೇ ಬೇಸರವಾಯಿತು.

ಆದರೆ ಅವಳು ಹೆಚ್ಚು ಹೊತ್ತು ಅಳುವ ಪೈಕಿಯಲ್ಲ. ನಲ್ಲಿ ತಿರುಗಿಸಿ ಮುಖ ತೊಳೆದಳು, ಕೈ ತೊಳೆದಳು, ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದಳು.

"ಈ ಫೋಟೋ ತೋರಿಸಿದ್ರೆ ನನ್ನ ತಮ್ಮನನ್ನ ಬಿಡ್ತಾರಾ?"

"ಫೋಟೋ, ಡಾಕ್ಟರ ಮಾತು, ಕಿಟಕಿಯ ಈ ಹಾಳೆ. ಮೂರೂ ಸೇರಿದ್ರೆ ಬಿಡಲೇಬೇಕು. ಆದರೆ ನೀನೇ ಎಳ್ಕೊಂಡು ಹೋಗಿ ಹತ್ತಿಸಿದ್ದು ಅಂತ ಎಲ್ಲರಿಗೂ ಗೊತ್ತಾಗುತ್ತೆ. ನಿನ್ನ ಅತ್ತೆಗೂ."

"ಗೊತ್ತಾಗಲಿ. ಉಗಿಯೋರು ಉಗೀಲಿ. ಮಾಡದ ತಪ್ಪಿಗೆ ಅವನು ಒಳಗಿರೋದು ಬೇಡ. ನಡೀರಿ ಸ್ಟೇಷನ್ನಿಗೆ."

ಆ ಮಾತು ಕೇಳಿ ನನಗೆ ಅವಳ ಮೇಲೆ ಅಭಿಮಾನ ಹುಟ್ಟಿತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಸ್ಟೂಲನ್ನು ಮತ್ತೆ ಎಳೆದು, ಕಿಟಕಿಯ ಹಾಳೆಯನ್ನು ಜೋಪಾನವಾಗಿ ಬಿಡಿಸಿಕೊಂಡೆ. ಬಿಸಿಲು ಒಮ್ಮೆಲೇ ಒಳಕ್ಕೆ ಬಿತ್ತು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಮೆದುಳಿನ ಡಾಕ್ಟರು.

"ಎಚ್ಚರವಾಗಿದೆಯಮ್ಮ. ಮಾತೂ ಸ್ಪಷ್ಟ ಇದೆ."

ಅವಳಿಗೆ ಸನ್ನೆಯಲ್ಲೇ ತಿಳಿಸಿದೆ. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಆದರೆ ಒಂದು ವಿಷಯ," ಎಂದರು ಡಾಕ್ಟರು. ದನಿ ತಗ್ಗಿತು. "ಇನ್‌ಸ್ಪೆಕ್ಟರು ಹಾಸಿಗೆ ಪಕ್ಕದಲ್ಲೇ ಇದ್ರು. ನಾನು ಬೇಡ ಅಂದ್ರೂ ಹೇಳಿಕೆ ತಗೊಂಡ್ರು. ರಕ್ತ ಎರಡು ಮೂರು ವಾರದ್ದು, ಆ ಹೊತ್ತಿನಲ್ಲಿ ತಲೆಗೆ ಏನಾಯ್ತು ಅಂತ ಕೇಳಿದ್ರು. ಇವರು ಮಂಗಳವಾರದ ತಾರೀಖು ಹೇಳಿ, ಅವತ್ತು ಬಾಮೈದ ಹಿಂದಿನಿಂದ ತಲೆಗೆ ಹೊಡೆದ ಅಂದ್ರು. ಹೆಂಡತಿ ಪಕ್ಕದಲ್ಲೇ ಇದ್ದಳು, ಅವಳನ್ನೇ ಕೇಳಿ ಅಂದ್ರು. ಇನ್‌ಸ್ಪೆಕ್ಟರು ಆಗಲೇ ನಿಮ್ಮ ಕಡೆ ಹೊರಟಿದ್ದಾರೆ."

ಫೋನು ಇಟ್ಟೆ. ಇದ್ದದ್ದನ್ನು ಇದ್ದ ಹಾಗೆ ಅವಳಿಗೆ ಹೇಳಿದೆ. ಮುಚ್ಚಿಟ್ಟು ಉಪಯೋಗವಿರಲಿಲ್ಲ.

"ಸುಳ್ಳು," ಎಂದಳು. "ಅವತ್ತು ನಾವು ಇಲ್ಲಿ ಇರ್ಲೇ ಇಲ್ಲ. ತಮ್ಮ ಪಾರ್ಕಿನಲ್ಲಿ ಇರ್ಲಿಲ್ಲ. ಯಾಕೆ ಹೀಗಂದ್ರು?"

"ನಿನ್ನ ಮೇಲೆ ಬರಬಾರದು ಅಂತಿರಬಹುದು. ತಾನು ಗೊತ್ತಿದ್ದೂ ಹತ್ತಿದೆ ಅಂತ ಒಪ್ಪಿಕೊಳ್ಳೋಕೆ ಆಗದೇ ಇರಬಹುದು."

"ಅದಕ್ಕೆ ನನ್ನ ತಮ್ಮನ ಕೊರಳಿಗೆ ಕಟ್ಟೋದಾ?" ಅವಳ ಮುಖ ಬಿಗಿಯಿತು. "ನಾನು ಹೌದು ಅಂತೀನಿ ಅಂದ್ಕೊಂಡಿದ್ದಾರೆ. ನನ್ನ ಗಂಡ ಅವರು, ಅವರ ಕಾಲು ಹಿಡಿದು ಕ್ಷಮೆ ಕೇಳ್ತೀನಿ, ಜೀವಮಾನವಿಡೀ ಸೇವೆ ಮಾಡ್ತೀನಿ. ಇದೊಂದು ಮಾತ್ರ ಹೇಳಲ್ಲ."

ಹೊರಗೆ ಜೀಪು ನಿಂತಿತು. ಮೊದಲು ಕೆಮ್ಮು ಒಳಗೆ ಬಂತು, ಅದರ ಹಿಂದೆ ಇನ್‌ಸ್ಪೆಕ್ಟರು.

"ನೀವೂ ಇದ್ದೀರಾ ಪತ್ತೇದಾರಮ್ಮ? ಒಳ್ಳೇದೇ ಆಯ್ತು." ಅವರು ಬೇಕರಿಯಾಕೆಯ ಕಡೆ ತಿರುಗಿದರು. "ನಿಮ್ಮ ಗಂಡ ಹೇಳಿಕೆ ಕೊಟ್ಟಿದ್ದಾರಮ್ಮ. ನಿಮ್ಮ ತಮ್ಮ ಅವರ ತಲೆಗೆ ಹೊಡೆದದ್ದನ್ನ ನೀವು ನೋಡಿದ್ದೀರಂತೆ. ಹೌದಾ?"

"ಇಲ್ಲ," ಎಂದಳು ಅವಳು. ದನಿ ನಡುಗಲಿಲ್ಲ. "ನನ್ನ ಗಂಡ ಸುಳ್ಳು ಹೇಳಿದ್ದಾರೆ. ಅವತ್ತು ಇಡೀ ದಿನ ನನ್ನ ತಮ್ಮ ಈ ಬೇಕರಿಯಲ್ಲಿದ್ದ. ನಾವಿಬ್ರೂ ಪಾರ್ಕಿನಲ್ಲಿದ್ವಿ. ಅವರನ್ನ ಆ ಗಾಡಿಗೆ ಹತ್ತಿಸಿದವಳು ನಾನು. ಬೇಕಾದ್ರೆ ನನ್ನನ್ನ ಕರ್ಕೊಂಡು ಹೋಗಿ."

ಮೇಜಿನ ಮೇಲಿದ್ದ ಫೋಟೋವನ್ನು ತೆಗೆದು, ಅಂಟಿದ್ದ ಹಿಟ್ಟನ್ನು ಒರೆಸಿ, ತಾನೇ ಅವರ ಕೈಗೆ ಕೊಟ್ಟಳು.

ಇನ್‌ಸ್ಪೆಕ್ಟರು ಅದನ್ನು ಬೆಳಕಿಗೆ ಹಿಡಿದರು. ತಾರೀಖು ಓದಿದರು. ಚಿತ್ರದಲ್ಲಿದ್ದ ಗಂಡನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಗೆದ್ದೆವು ಎಂದುಕೊಂಡೆ.

"ಹೊಡೆದದ್ದು ಬೇಕರಿಯಲ್ಲಿ ಅಂತ ನಿಮಗೆ ಯಾರು ಹೇಳಿದ್ರು?" ಎಂದು ಕೇಳಿದರು.

ಯಾರೂ ಹೇಳಿರಲಿಲ್ಲ. ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓಡಿಸಿದೆ. ಹಿಂದಿನಿಂದ ಹೊಡೆದ, ಹೆಂಡತಿ ಪಕ್ಕದಲ್ಲೇ ಇದ್ದಳು. ಎಲ್ಲಿ ಎಂಬ ಮಾತೇ ಅದರಲ್ಲಿರಲಿಲ್ಲ.

"ನಿಮ್ಮ ಗಂಡ ಹೇಳಿದ್ದು ಇದೇ ಪಾರ್ಕಿನ ಹೆಸರನ್ನ," ಎಂದರು ಇನ್‌ಸ್ಪೆಕ್ಟರು. ಫೋಟೋವನ್ನು ಮೇಜಿನ ಮೇಲಿಟ್ಟು, ಮುಂದಿನ ಸಾಲನ್ನು ಬಿಟ್ಟು ಅದರ ಹಿಂದಿನ ಸಾಲಿಗೆ ಬೆರಳು ತಂದರು. ಅಲ್ಲಿ ಒಬ್ಬ, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ತೋಳಿನ ಬಟ್ಟೆ ಗಾಳಿಗೆ ಮೇಲೆ ಸರಿದಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ, ಬಿಸಿ ಟ್ರೇ ತಾಗಿ ಸುಟ್ಟ ಅಗಲವಾದ ಕಲೆ. "ಈ ಕಲೆಯನ್ನ ನಾನು ಲಾಕಪ್ಪಿನಲ್ಲಿ ದಿನಾ ನೋಡ್ತಿದ್ದೀನಿ. ನೀವೂ ನೋಡಿ, ನಾನು ತಪ್ಪಿದ್ರೆ ಹೇಳಿ."

ಆ ಫೋಟೋವನ್ನು ನಾನು ಅಷ್ಟು ಹೊತ್ತು ನೋಡಿದ್ದೆ. ತೆರೆದ ಎರಡು ಕಣ್ಣುಗಳ ಮೇಲೆಯೇ ನನ್ನ ಗಮನವೆಲ್ಲ ಇತ್ತು.

ತಮ್ಮ ಅವತ್ತು ಒಲೆಯ ಮುಂದೆಯೇ ಇದ್ದ ಎಂದು ನಂಬಿದ್ದ ಬೇಕರಿಯಾಕೆ ಮೇಜಿನ ಮೇಲೆ ಬಗ್ಗಿದಳು. ಒಲೆಯೊಳಗೆ ಬ್ರೆಡ್ಡು ಸೀದು ಕರಕಲಾಗುವ ವಾಸನೆ ಬರುತ್ತಿತ್ತು, ಮೂವರಲ್ಲಿ ಯಾರೂ ಅತ್ತ ಕದಲಲಿಲ್ಲ. ಅವಳು ಸುಳ್ಳು ಹೇಳಬಹುದಿತ್ತು. ಇಂಥ ಕಲೆ ಯಾವ ಬೇಕರಿಯವನ ಕೈಯಲ್ಲಾದರೂ ಇರುತ್ತದೆ ಎನ್ನಬಹುದಿತ್ತು, ನಾನೇ ಹಾಗೆನ್ನಲು ಬಾಯಿ ತೆರೆದಿದ್ದೆ.

"ಹೌದು," ಎಂದಳು. "ಇದು ನನ್ನ ತಮ್ಮನ ಕೈ."